ಅಡ್ಡಿಲ್ಲ

ಅಂಬಾದಾಸ ಹಾಡು ಮುಗಿಸಿ ಹಾರ್ಮೋನಿಯಂ ಮೇಲಿನಿಂದ ಕೈ ತೆಗೆದಾಗ ಸಭೆಯೆಲ್ಲ "ಕ್ಯಾ ಬಾತ್ ಹೈ" ಎಂದು ತಲೆದೂಗಿತು. ಚಹಾದ ಟ್ರೇ ಹಿಡಿದು ಎದುರಿಗೆ ಬಂದ ಚಿತ್ರಾ ಮಾತ್ರ, "ಅಡ್ಡಿಲ್ಲ" ಅಂದಳು.

ಅವನ ಮುಖ ಸಣ್ಣದಾಯಿತು. ಪುಣೆಯ ಪಿಂಪ್ರಿಯ ಕಾರ್ಖಾನೆಯಲ್ಲಿ ವಾರವಿಡೀ ಯಂತ್ರಗಳ ಸದ್ದು ಕೇಳಿ, ಈ ಒಂದು ಭಾನುವಾರಕ್ಕೆಂದು ಗಂಟಲು ಕಾಪಾಡಿಕೊಂಡು ಬಂದಿದ್ದ. ಚಿಂಚವಾಡದ ಕನ್ನಡ ರಸಿಕರ ಬಳಗದಲ್ಲಿ ಅದು ಅವನ ಮೊದಲ ಹಾಡು.

"ಇಷ್ಟೇ ಏನ್ರಿ?" ಅಂದ.

"ಇಷ್ಟೇ ಅಂದ್ರೆ? ಇನ್ನೇನು ಹೇಳ್ಬೇಕು ಮಾರಾಯ್ರೆ?"

"ನಮ್ಮ ಕಡೆ ಅಡ್ಡಿಯಿಲ್ಲ ಅಂದ್ರ, ಹೆಂಗೋ ನಡೀತದ ಅಂತ ಅರ್ಥ ನೋಡ್ರಿ."

ಚಿತ್ರಾ ನಕ್ಕ ರಭಸಕ್ಕೆ ಟ್ರೇಯಲ್ಲಿ ಚಹಾ ತುಳುಕಿತು. "ಅಯ್ಯೋ, ಕುಂದಾಪುರದವರು ಹೊಗಳೋದೇ ಹಾಗೆ. ನನ್ನ ಅಪ್ಪ ಏನನ್ನಾದ್ರೂ ಮನಸಾರೆ ಮೆಚ್ಚಿದ್ರೆ ಅಡ್ಡಿಲ್ಲ ಅಂತಾರೆ. ಅದಕ್ಕಿಂತ ಮೇಲಿನ ಶಬ್ದ ನಮ್ಮಲ್ಲಿಲ್ಲ."

"ಹಂಗಾದ್ರ ಇನ್ನೊಮ್ಮೆ ಅನ್ರಿ."

ಅಂದಳು. ಈ ಸಲ ಕಣ್ಣಲ್ಲಿ ಕಣ್ಣಿಟ್ಟು, ಕೊನೆಯ ಅಕ್ಷರವನ್ನು ತುಸು ಎಳೆದು.

ಕಲಿಸುವುದಾದರೆ ಪೂರ್ತಿ ಕಲಿಸಬೇಕು. ಸಾರಿಗೆ ಉಪ್ಪು ಬೀಳದಿದ್ದಾಗಲೂ, ಬೇಡದ ನೆಂಟರು ಉಳಿದುಕೊಂಡಾಗಲೂ ತನ್ನ ಮನೆಯಲ್ಲಿ ಇದೇ ಶಬ್ದ ಓಡಾಡುತ್ತದೆ, ಅರ್ಥವೆಲ್ಲ ಹೇಳುವ ರಾಗದಲ್ಲಿರುತ್ತದೆ ಎಂದು ಅವಳು ಹೇಳಲಿಲ್ಲ. ಪ್ರೀತಿ ಮೊಳೆಯುವ ಹೊತ್ತಿಗೆ ಉಪ್ಪಿಲ್ಲದ ಸಾರಿನ ಮಾತು ಯಾರಿಗೆ ನೆನಪಾಗುತ್ತದೆ?

ಬಳಗ ಎಲ್ಲರ ಕೈಗೂಸು. ಅಧ್ಯಕ್ಷರಾದ ಚಿತ್ರಾಳ ಅಪ್ಪ ತಮ್ಮಯ್ಯನವರು ತಮ್ಮ ಹೋಟೆಲಿನಿಂದ ತಿಂಡಿ ಕಳಿಸುತ್ತಿದ್ದರು. ಕಟ್ಟಡ ಕೆಲಸದ ಯಂಕವ್ವ ಎಲ್ಲರಿಗಿಂತ ಮೊದಲು ಬಂದು ಜಮಖಾನೆ ಹಾಸಿ, ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ಸುಂದರ ಶೆಟ್ಟರು ಮದುವೆಗಳಿಗೆ ಬಾಡಿಗೆ ಕೊಡುವ ತಮ್ಮ ಮಂಗಲ ಕಾರ್ಯಾಲಯದ ಮಹಡಿಯನ್ನು ತಿಂಗಳ ಹಾಡಿನ ಬೈಠಕ್ಕಿಗೆಂದು ಬಿಟ್ಟುಕೊಟ್ಟಿದ್ದರು. ಆ ಮಹಡಿ ತಪ್ಪಿದರೆ ರಸಿಕರಿಗೆ ಬೀದಿಯೇ ಗತಿ.

ಪ್ರತಿ ತಿಂಗಳು ಅಂಬಾದಾಸ ಹಾಡಿದ. ಕಷ್ಟದ ತಾನ್ ಒಂದನ್ನು ದಾಟಿದೊಡನೆ ಅವನ ಕಣ್ಣು ಬಾಗಿಲ ಬಳಿ ಹೋಗುತ್ತಿತ್ತು. ಅಲ್ಲಿ ಚಿತ್ರಾಳ ತುಟಿಗಳು ಸದ್ದಿಲ್ಲದೆ ಆ ಶಬ್ದವನ್ನು ಆಡುತ್ತಿದ್ದವು. ಅವನು ತಲೆ ತಗ್ಗಿಸಿ ನಗುತ್ತಿದ್ದ, ಯಂಕವ್ವ ಇಬ್ಬರನ್ನೂ ನೋಡಿ ಕೆಮ್ಮುತ್ತಿದ್ದಳು.

ಒಂದು ಸಂಜೆ ಚಿಂಚವಾಡ ಸ್ಟೇಷನ್ನಿನಲ್ಲಿ ಲೋಕಲ್ ಕಾಯುತ್ತಾ ಅವನು ಕೇಳಿಯೇಬಿಟ್ಟ. "ಮುಂದಿನ ಬೈಠಕ್ ಮುಗಿದ ಮ್ಯಾಲ ನಿಮ್ಮ ಅಪ್ಪಾರ ಮುಂದ ನಮ್ಮ ಮದುವಿ ಮಾತು ತಗೀತೀನಿ. ನೀವೇನಂತೀರಿ?"

"ಅಡ್ಡಿಲ್ಲ," ಅಂದಳು ಚಿತ್ರಾ. ಕಿವಿಯವರೆಗೆ ಕೆಂಪಾಗಿದ್ದಳು. ಅಂದು ಅವನು ತನ್ನ ಲೋಕಲ್ ತಪ್ಪಿಸಿಕೊಂಡ.

ಆ ಬೈಠಕ್ಕಿನಲ್ಲಿ ಅವನು ಎಂದೂ ಹಾಡದಷ್ಟು ಚೆನ್ನಾಗಿ ಹಾಡಿದ. ಆದರೆ ಅವನು ಏಳುವ ಮೊದಲೇ ತಮ್ಮಯ್ಯನವರು ಎದ್ದು ನಿಂತರು.

"ಒಂದು ಸಂತೋಷದ ಸುದ್ದಿ ಉಂಟು. ನಮ್ಮ ಚಿತ್ರಾಳನ್ನು ಸುಂದರಣ್ಣ ಅವರ ಮಗ ರಿತೇಶ್‌ಗೆ ಕೇಳಿದ್ದಾರೆ. ಸಂಬಂಧ ಆದ ಮೇಲೆ ಈ ಮಹಡಿ ಯಾರದ್ದು ಅನ್ನೋ ಮಾತೇ ಇಲ್ಲ. ಬಳಗಕ್ಕೆ ಕಾಯಂ ಜಾಗ!" ಚಪ್ಪಾಳೆಯೋ ಚಪ್ಪಾಳೆ. "ಏನು ಮಗಾ, ಅಡ್ಡಿಲ್ಲವಾ?"

ಎಲ್ಲ ಮುಖಗಳೂ ಅವಳತ್ತ ತಿರುಗಿದವು. ಚಿತ್ರಾ ಅಂಬಾದಾಸನನ್ನು ನೋಡಿದಳು. ಮಾತಾಡು, ಈಗ ಮಾತಾಡು ಎಂದು ಅವಳ ಜೀವವೆಲ್ಲ ಕೂಗುತ್ತಿತ್ತು. ಅವನು ಅವಳ ತುಟಿಗಳನ್ನೇ ನೋಡುತ್ತ ಕೂತಿದ್ದ.

"ಅಡ್ಡಿಲ್ಲ," ಅಂದಳು.

ಅದು ಉಪ್ಪಿಲ್ಲದ ಸಾರಿನ ಅಡ್ಡಿಲ್ಲ. ತಮ್ಮಯ್ಯನವರಿಗೆ ತಿಳಿಯಿತು, ತಿಳಿಯದವರಂತೆ ಪೇಢೆಯ ಡಬ್ಬಿ ತೆರೆದರು. ನಿಜವಾಗಿ ತಿಳಿಯದವನು ಅಲ್ಲಿ ಒಬ್ಬನೇ ಇದ್ದ. ಅವನು ಎದ್ದು ಚಪ್ಪಲಿ ಹುಡುಕುತ್ತಿದ್ದ.

ಮೆಟ್ಟಿಲ ತಿರುವಿನಲ್ಲಿ ಅವಳು ಓಡಿ ಹಿಡಿದಳು. "ಯಾಕೆ ಸುಮ್ಮನಿದ್ದಿರಿ ನೀವು?"

"ಅದಕ್ಕಿಂತ ಮ್ಯಾಲಿನ ಶಬ್ದ ಇಲ್ಲ ಅಂತ ನೀವೇ ಕಲಿಸೀರಿ."

"ಅದು ಬೇರೆ ಅಡ್ಡಿಲ್ಲ! ಬೇಡ ಅನ್ನೋಕಾಗದೆ ಇದ್ದಾಗ ಹೇಳೋದು ಇದು."

ಅವನು ಅವಳತ್ತ ತಿರುಗಿದ. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಆತ್ರಿ. ಹಂಗಾದ್ರ ಮ್ಯಾಲ ಹೋಗಿ ಬೇಡ ಅಂತ ಒಂದು ಮಾತು ಹೇಳಿಬಿಡ್ರಿ. ಉಳಿದದ್ದೆಲ್ಲಾ ನಾ ಮಾತಾಡ್ತೀನಿ. ನಿಮ್ಮ ಹಿಂದೇ ಬರ್ತೀನಿ."

ಮೇಲಿನಿಂದ ನಗು ಕೇಳುತ್ತಿತ್ತು. ಕಾಯಂ ಜಾಗ, ಕಾಯಂ ಜಾಗ ಎಂದು ಯಾರೋ ಮರಾಠಿಯಲ್ಲೂ ಕೂಗಿ ಹೇಳುತ್ತಿದ್ದರು. ಇವರೆಲ್ಲರ ಎದುರು ಅಪ್ಪನ ಮುಖ ಕೆಡಿಸುವುದು ಹೇಗೆ? ಚಿತ್ರಾ ಕಂಬಿ ಹಿಡಿದಳು, ಒಂದು ಮೆಟ್ಟಿಲು ಹತ್ತಿದಳು, ನಿಂತುಬಿಟ್ಟಳು.

"ಒಂದು ವಾರ ಕೊಡಿ ನನಗೆ," ಅಂದಳು. "ಮನೆಯಲ್ಲಿ ಮೆಲ್ಲ ಹೇಳ್ತೇನೆ."

ಅಂಬಾದಾಸ ತಲೆಯಾಡಿಸಿ ಇಳಿದು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಉಳಿದ ಮಾತಿಗೆ ಗಾದೆಯೂ ಇಲ್ಲ. ಆ ವಾರ ಅವಳು ಅಪ್ಪನ ಕೋಣೆಯ ಬಾಗಿಲವರೆಗೆ ಹೋಗಿ ಹೋಗಿ ತಿರುಗಿ ಬಂದಳು.

ಮುಂದಿನ ತಿಂಗಳು ಅವನು ಬರಲಾರ ಎಂದುಕೊಂಡಿದ್ದಳು. ಬಂದ. ಇಷ್ಟು ದೊಡ್ಡ ಪುಣೆಯಲ್ಲಿ ಅವನ ಹಾಡು ಕೇಳುವವರು ಈ ಮಹಡಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಹಾಡುವಾಗ ಒಮ್ಮೆಯೂ ಬಾಗಿಲ ಕಡೆ ನೋಡಲಿಲ್ಲ. ಅವಳು ಟ್ರೇ ತಂದು ಚಾಚಿದಾಗ ತಮ್ಮಯ್ಯನವರು ಪಕ್ಕದಲ್ಲೇ ಇದ್ದರು.

"ಅಂಬಾದಾಸರೇ, ಮದುವೆ ದಿವಸ ನಿಮ್ಮದೇ ಹಾಡು ಆಗ್ಬೇಕು. ಏನಂತೀರಿ?"

ಅವನು ಚಹಾದ ಲೋಟ ಎತ್ತಿಕೊಂಡ. ಆಗ ಅವಳನ್ನು ನೋಡಿದ.

"ಅಡ್ಡಿಲ್ರಿ," ಅಂದ.

ರಾಗ ಒಂದಿಷ್ಟೂ ತಪ್ಪಿರಲಿಲ್ಲ. ಆ ಶಬ್ದವನ್ನು ಅವನು ಈಗ ಪೂರ್ತಿ ಕಲಿತಿದ್ದ.