ಎಡಗಡೆಯ ಕೂಗು

“ಈ ಕೋಲನ್ನ ಬೇರೆಲ್ಲಾದರೂ ನಿಲ್ಲಿಸಿ. ಇದು ನನ್ನ ಜಾಗ!”

ಮಧ್ಯಾಹ್ನ ಮೂರರ ಬಿಸಿಲು. ಮೈದಾನದ ವೇದಿಕೆಯ ಎಡಗಡೆ, ಸ್ಪೀಕರಿನ ಮುಂದೆ, ತುದಿಗೆ ಮೈಕ್ ಕಟ್ಟಿದ ಉದ್ದನೆಯ ಕೋಲು ನಿಲ್ಲಿಸುತ್ತಿದ್ದವನು ಬೆಚ್ಚಿ ತಿರುಗಿದ. ಅವಳನ್ನು ನೋಡಿದ್ದೇ ತಡ, ಕೈಯಲ್ಲಿದ್ದ ತಿರುಪು ಜಾರಿ ಹುಲ್ಲಿಗೆ ಬಿತ್ತು.

“ನಿಮ್ಮದೇ ಜಾಗ. ಗೊತ್ತು. ಒಂಬತ್ತು ವರ್ಷದಿಂದ ನಿಮ್ಮದೇ…”

‘ಇವನಿಗೆ ಹೇಗೆ ಗೊತ್ತು?’ ಅಂದುಕೊಳ್ಳುವಷ್ಟರಲ್ಲಿ ಅವಳ ಕಣ್ಣು ಅವನ ರೆಕಾರ್ಡರಿನ ಪೆಟ್ಟಿಗೆಯ ಮೇಲೆ ಬಿತ್ತು. ದಪ್ಪಕ್ಷರದಲ್ಲಿ ಬರೆದಿತ್ತು: ‘ಕಿವಿ’.

ಓಹೋ… ಇವನೇನಾ ಆ ಕಿವಿ!

ಕಥೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅವಳು ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. “ಪ್ರಯಾಣಿಕರ ಗಮನಕ್ಕೆ…” ಎಂದು ದಿನಕ್ಕೆ ಇನ್ನೂರು ಸಲ, ಇಸ್ತ್ರಿ ಹಾಕಿದಂಥ ದನಿಯಲ್ಲಿ. ಬಸ್ ಬಂದರೂ ಅದೇ ದನಿ, ಕೆಟ್ಟು ನಿಂತರೂ ಅದೇ ದನಿ. ಆ ಇಸ್ತ್ರಿ ಮುದುಡುತ್ತಿದ್ದುದು ಒಂದೇ ಕಡೆ, ‘ಅಡ್ಡದಾರಿ’ ಬ್ಯಾಂಡಿನ ಎದುರು.

ಅವರದು ಜ್ಯಾಮ್ ಬ್ಯಾಂಡ್. ಐದು ನಿಮಿಷದ ಹಾಡು ಹಿಡಿದು ಹೊರಟರೆ, ಮನಸ್ಸು ಬಂದ ಕಡೆಯೆಲ್ಲ ನುಡಿಸುತ್ತಾ ಅಲೆದು, ನಲವತ್ತು ನಿಮಿಷದ ಮೇಲೆ ಪಲ್ಲವಿಗೆ ಮರಳುವವರು. ಆ ಹೊತ್ತಿಗೆ ಸರಿಯಾಗಿ ಅವಳ ಗಂಟಲಿಂದ, ಅವಳಿಗೇ ತಿಳಿಯದೆ, ಒಂದು ಕೂಗು ಹಾರುತ್ತಿತ್ತು: “ಹೋಯ್ಯ್!”

“ಎಲ್ಲರ ಮಕ್ಕಳೂ ಒಂದೊಂದು ದಾರಿ ಹಿಡಿದರು ಕಣೇ, ನಮ್ಮವಳು ಅಡ್ಡದಾರಿ ಹಿಡಿದಳು” ಅಂತ ಅವಳ ಅಮ್ಮ ಫೋನಿನಲ್ಲಿ ತಮ್ಮ ತಂಗಿಗೆ ಹೇಳಿ ನಗುತ್ತಿದ್ದರು.

ಶೋಗಳನ್ನು ಯಾರು ಬೇಕಾದರೂ ರೆಕಾರ್ಡ್ ಮಾಡಿ ಹಂಚಿಕೊಳ್ಳಲಿ ಎನ್ನುವ ಬ್ಯಾಂಡು ಅದು. ಅಭಿಮಾನಿಗಳ ನಡುವೆ ‘ಕಿವಿ’ ಎಂಬ ಅಡ್ಡಹೆಸರಿನವನ ರೆಕಾರ್ಡಿಂಗ್ ಅಂದರೆ ಚಿನ್ನ. ದಿನಾ ಕೆಲಸಕ್ಕೆ ಹೋಗುವಾಗ ಅವಳು ಕೇಳುತ್ತಿದ್ದುದೂ ಅದನ್ನೇ. ನಡುವೆ ತನ್ನ ಕೂಗು ಬಂದಾಗ ಕಿಟಕಿಯ ಕಡೆ ಮುಖ ತಿರುಗಿಸಿ ನಾಚುತ್ತಿದ್ದಳು.

ಆದರೆ ಈಚಿನ ಮೂರು ಶೋಗಳಲ್ಲಿ… ಕೂಗು ಬರಬೇಕಾದ ಕಡೆ ಕತ್ತರಿ! ಪಲ್ಲವಿ ಇತ್ತು, ಚಪ್ಪಾಳೆ ಇತ್ತು, ಅವಳಿರಲಿಲ್ಲ. ಅಕ್ಕಿಯಲ್ಲಿನ ಕಲ್ಲಿನ ಹಾಗೆ ಆರಿಸಿ ಎಸೆದಿದ್ದ. ಮೂರನೆಯ ಸಲ ಅವಳು ಬಸ್ಸಿನಲ್ಲೇ ಅತ್ತಿದ್ದಳು. ಈಗ ಆ ಕತ್ತರಿಯ ಒಡೆಯ ಎದುರಿಗೇ ನಿಂತಿದ್ದ.

“ನನ್ನ ಕೂಗು ಕತ್ತರಿಸಿದ್ದು ನೀವೇ ತಾನೇ?”

ಅವನ ಮುಖ ಬಿಳಿಚಿತು. “ಹೌದು. ಆದರೆ…”

“ಸಾಕು. ಇವತ್ತು ನಿಮ್ಮ ಕತ್ತರಿಗೆ ರಜೆ. ನಾನು ತುಟಿ ಬಿಚ್ಚಲ್ಲ!”

“ಅಯ್ಯೋ, ಹಾಗನ್ಬೇಡಿ ರೀ! ಒಂದು ನಿಮಿಷ ಕೇಳಿ, ಅದು ಯಾಕೆ ಅಂದ್ರೆ…”

ಅಷ್ಟರಲ್ಲಿ ಗಿಟಾರ್ ಮೊಳಗಿತು. ಅವನು ರೆಕಾರ್ಡರಿನ ಗುಂಡಿ ಒತ್ತಿ ತಟ್ಟನೆ ಬಾಯಿ ಮುಚ್ಚಿದ. ರೆಕಾರ್ಡರಿನ ಕೆಂಪು ದೀಪ ಹತ್ತಿದ ಮೇಲೆ ಮೈಕಿನ ಕೆಳಗೆ ಪಿಸುಮಾತೂ ಕೂಡದು. ಆ ಕಟ್ಟುನಿಟ್ಟು ಮಾಡಿದ ಮಹಾನುಭಾವನೂ ಅವನೇ!

ಅಂದಿನ ಕಾರ್ಯಕ್ರಮ ದೊಡ್ಡಪ್ಪನಿಗಾಗಿ. ಬ್ಯಾಂಡಿನ ಡ್ರಮ್ಮರನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆ. ಪಾರ್ಶ್ವವಾಯು ಹೊಡೆದು ಅವರ ಬಲಗೈ ಸೋತಿತ್ತು. ಚಿಕಿತ್ಸೆಗೆ ನೆರವಾಗಲೆಂದೇ ಮೈದಾನ ತುಂಬಿತ್ತು. ಅವರು ವೇದಿಕೆಯ ಮೇಲೆ ಗಾಲಿಕುರ್ಚಿಯಲ್ಲಿ ಕೂತಿದ್ದರು. ಡ್ರಮ್ಮಿನ ಹಿಂದೆ ಅವರ ಶಿಷ್ಯೆ.

ಹಾಡು ಹೊರಟಿತು… ಏರಿತು, ಇಳಿಯಿತು… ಮೂವತ್ತು ನಿಮಿಷ… ನಲವತ್ತು… ಐವತ್ತು! ಪಲ್ಲವಿ ಸಿಗಲೇ ಇಲ್ಲ. ಶಿಷ್ಯೆಯ ಕೈ ತಡವರಿಸಿತು. ಗಿಟಾರಿನವರು ಮತ್ತೆ ಮತ್ತೆ ಎಡಗಡೆಗೆ ಕತ್ತು ಚಾಚಿ ನೋಡುತ್ತಿದ್ದರು.

‘ಯಾರನ್ನ ಹುಡುಕ್ತಿದ್ದಾರೆ?’ ಅವಳು ತುಟಿ ಕಚ್ಚಿ ಹಿಡಿದಳು. ‘ಊಹೂಂ, ಕೂಗಲ್ಲ. ನಾನು ಅಕ್ಕಿಯಲ್ಲಿನ ಕಲ್ಲು ತಾನೇ…’

“ದೊಡ್ಡಪ್ಪ ನುಡಿಸದಿದ್ರೆ ಇವರ ಕಥೆ ಇಷ್ಟೇ” ಅಂತ ಹಿಂದೆ ಯಾರೋ ಗೊಣಗಿದರು. ಗಾಲಿಕುರ್ಚಿಯಲ್ಲಿ ದೊಡ್ಡಪ್ಪ ತಲೆ ತಗ್ಗಿಸಿದ್ದು ಅವಳಿಗೆ ಕಂಡಿತು.

ಆಗ ಪಕ್ಕದಲ್ಲಿದ್ದವನು ಹೆಡ್‌ಫೋನ್ ಕಿತ್ತೆಸೆದ. ಕೆಂಪು ದೀಪ ಉರಿಯುತ್ತಿರುವಾಗಲೇ, ತನ್ನದೇ ಮೈಕಿನ ಕೆಳಗೆ, ಬಾಯಿಬಿಟ್ಟ!

“ಕೂಗ್ರೀ! ಅವರು ಕಾಯ್ತಿರೋದು ನಿಮಗೆ! ನಿಮ್ಮ ಕೂಗು ಕೇಳಿದ ಮೇಲೇ ದೊಡ್ಡಪ್ಪ ಪಲ್ಲವಿಗೆ ತಿರುಗ್ತಿದ್ದಿದ್ದು. ನನ್ನ ಹತ್ರ ಎಲ್ಲಾ ರೆಕಾರ್ಡಿಂಗೂ ಇದೆ. ಪ್ರತಿ ಸಲವೂ ಮೊದಲು ನೀವು, ಆಮೇಲೆ ಅವರು!”

“ಸುಳ್ಳು! ಹಾಗಿದ್ರೆ ಕತ್ತರಿಸಿದ್ದು ಯಾಕೆ?”

“ಯಾರೋ ಕಿಡಿಗೇಡಿಗಳು ನಿಮ್ಮ ಕೂಗನ್ನ ಕತ್ತೆಯ ಚಿತ್ರಕ್ಕೆ ಅಂಟಿಸಿ ಅಭಿಮಾನಿಗಳ ಗುಂಪಿನಲ್ಲಿ ನಗಾಡಿದ್ರು. ನನಗೆ ಸಹಿಸೋಕಾಗ್ಲಿಲ್ಲ. ಹಂಚೋ ಪ್ರತಿಯಿಂದ ತೆಗೆದುಬಿಟ್ಟೆ. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು… ತಪ್ಪಾಯ್ತು.” ಅವನು ಒಂದು ಹೆಜ್ಜೆ ಹತ್ತಿರ ಸರಿದ. “ಹಾಡು ಚೆನ್ನಾಗಿ ಕೇಳಿಸೋದು ಮೈದಾನದ ನಡುವೆ ರೀ. ನಾನು ವರ್ಷಗಟ್ಟಲೆ ಎಡಗಡೆ, ನಿಮ್ಮ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಿಂತೆ. ಇವತ್ತು ಧೈರ್ಯ ಮಾಡಿ ಪಕ್ಕಕ್ಕೆ ಬಂದೆ. ಊರಲ್ಲಿ ಕಿವಿ ಕೇಳದವರಿಗೆಲ್ಲ ಕಿವಿಯಂತ್ರ ಕೂರಿಸೋನು ನಾನು. ನನ್ನ ಕಿವಿಗೆ ಬೇಕಿರೋದು ಒಂದೇ ದನಿ… ಇನ್ನೂ ಬಿಡಿಸಿ ಹೇಳ್ಬೇಕಾ?”

ಅವಳ ಕಣ್ಣು ತುಂಬಿ ವೇದಿಕೆ ಮಸುಕಾಯಿತು. ಎದೆಯಲ್ಲಿ ಹೆಪ್ಪುಗಟ್ಟಿದ್ದೆಲ್ಲ ಕರಗಿ ಗಂಟಲಿಗೆ ಬಂತು. ಎರಡೂ ಕೈ ಮೇಲೆತ್ತಿದಳು.

“ಹೋಯ್ಯ್‌ಯ್‌ಯ್‌ಯ್!”

ದೊಡ್ಡಪ್ಪ ತಲೆಯೆತ್ತಿದರು. ಗಾಲಿಕುರ್ಚಿಯನ್ನು ಹತ್ತಿರ ತಳ್ಳಿಸಿಕೊಂಡು, ಶಿಷ್ಯೆಯ ಕೈಯಿಂದ ಡ್ರಮ್ ಬಾರಿಸುವ ಒಂದು ಕೋಲು ಕಿತ್ತುಕೊಂಡು, ಎಡಗೈಯಲ್ಲಿ ಬೀಸಿದರು… ಝಣ್!

ಪಲ್ಲವಿ!

ಇಡೀ ಮೈದಾನ ಒಂದೇ ಗಂಟಲಾಗಿ ಹೋಯ್ ಎಂದಿತು. ಗೊಣಗಿದವರು ಕುಣಿಯುತ್ತಿದ್ದರು. ದೊಡ್ಡಪ್ಪ ಮೈಕಿಗೆ ಬಾಗಿ ಗದ್ಗದಿಸಿದರು: “ಬಂದ್ಯಾ ಮಗಳೇ? ಎಷ್ಟು ಹೊತ್ತು ಕಾಯಿಸೋದು!”

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಅವಳಿಗೇ ಗೊತ್ತಾಗಲಿಲ್ಲ.

ಚಪ್ಪಾಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಅವನು ತಲೆ ಕೆರೆದುಕೊಂಡ.

“ನಮ್ಮ ಜಗಳ ಪೂರ್ತಿ ಇದರೊಳಗೆ ಕೂತಿದೆ. ಕತ್ತರಿಸ್ಲಾ?”

“ಒಂದಕ್ಷರ ಮುಟ್ಟಿದ್ರೆ ನೋಡು!”

“ಹಂಚಿದ್ರೆ ಎಲ್ಲರಿಗೂ ಗೊತ್ತಾಗುತ್ತೆ, ನಾನು ನಿಮ್ಮನ್ನ…”

“ಇನ್ನೂ ‘ನಿಮ್ಮನ್ನ’ ಅಂತೀಯಲ್ಲೋ! ಹೂಂ, ಮುಂದೆ?”

“ದೀಪ ಇನ್ನೂ ಉರೀತಿದೆ…”

“ಉರೀಲಿ.”

ಅವನು ಕಣ್ಣು ಮುಚ್ಚಿ ಮೆಲ್ಲಗೆ ಹೇಳಿದ. “ನಿನ್ನ ಪ್ರೀತಿಸ್ತೀನಿ.”

“ಕೇಳಿಸ್ಲಿಲ್ಲ!”

“ನಿನ್ನ ಪ್ರೀತಿಸ್ತೀನಿ!” ಈ ಸಲ ಅಕ್ಕಪಕ್ಕದ ಹತ್ತು ತಲೆ ತಿರುಗಿದವು.

ಅವಳು ಅವನ ಬೆರಳುಗಳ ನಡುವೆ ತನ್ನ ಬೆರಳು ಹೆಣೆದಳು.

“ನಾನೂ ಕಣೋ… ನಾಳೆ ಮನೆಗೆ ಬಾ. ನಮ್ಮಮ್ಮನ ಮುಂದೆ ಇಷ್ಟೇ ಜೋರಾಗಿ ಹೇಳ್ಬೇಕು, ಆಯ್ತಾ?”