‘ಇವರು ಅತ್ತಿದ್ದು’

“ಭಾವ, ಬೇರೆಯವೆಲ್ಲ ಕಂಪ್ಯೂಟರ್‌ಗೆ ಹಾಕ್ಕೊಳ್ಳಿ. ಆ ಕಪ್ಪು ದಾರ ಸುತ್ತಿರೋ ಡಿಸ್ಕ್ ಮಾತ್ರ ಬೇಡ.” ಫೋನಿನಲ್ಲಿ ನಾದಿನಿಯ ದನಿ ಇಳಿದಿತ್ತು. “ಕೊನೇ ತಿಂಗಳು ಅಕ್ಕ ಮಾಟದವಳ ಹತ್ರ ಹೋಗಿ ಕಟ್ಟಿಸಿದ್ದು ಅದು. ನೀವು ಅವಳನ್ನ ಮರೀಬಾರ್ದು ಅಂತ. ಅದು ಒಂದೇ ಇರ್ಬೇಕಂತೆ. ಕಾಪಿ ಮಾಡಿ ಎರಡಾದ್ರೆ ಕಟ್ಟು ಬಿಚ್ಚಿ, ನೆನಪೆಲ್ಲ ಹೋಗ್ಬಿಡುತ್ತಂತೆ.”

ಅವನು ನಕ್ಕುಬಿಟ್ಟ. “ಮೂವತ್ತು ವರ್ಷ ಆಸ್ಪತ್ರೇಲಿ ಜನರ ಎದೆ ಎಕ್ಸ್‌ರೇ ತೆಗೆದಿದ್ದೀನಮ್ಮ. ಒಬ್ಬರೊಳಗೂ ಮಾಟ ಕಂಡಿಲ್ಲ.”

ಹೆಂಡತಿ ಹೋಗಿ ಎರಡು ವರ್ಷವಾಗಿತ್ತು. ಮನೆ ಭಣಗುಟ್ಟುತ್ತಿತ್ತು. ಉಳಿದದ್ದು ಇಬ್ಬರೂ ಕೂತು ನೋಡುತ್ತಿದ್ದ ಸಿನಿಮಾಗಳ ಡಿಸ್ಕುಗಳು. ಅವಕ್ಕೂ ಬೂಷ್ಟು ಹಿಡಿಯುತ್ತಿತ್ತು. ಅವಳದೆಂದು ಇದ್ದದ್ದೂ ಕೈಬಿಟ್ಟು ಹೋದೀತೆಂಬ ಹೆದರಿಕೆಗೇ ಅವನು ಈ ಕೆಲಸಕ್ಕೆ ಕೂತದ್ದು. ಅವಳು ಡಿಸ್ಕಿನ ಮೇಲೆ ಸಿನಿಮಾದ ಹೆಸರು ಬರೆದವಳೇ ಅಲ್ಲ. ‘ಇವರು ಗೊರಕೆ ಹೊಡೆದದ್ದು’, ‘ಇವರು ಬೈದುಕೊಂಡು ಎರಡು ಸಲ ನೋಡಿದ್ದು’ ಎಂದೆಲ್ಲ ಬರೆದಿಟ್ಟಿದ್ದಳು. ಅವನು ಅದನ್ನೇ ಅಕ್ಷರ ತಪ್ಪದೆ ಫೈಲಿನ ಹೆಸರಾಗಿ ಹೊಡೆಯುತ್ತಿದ್ದ.

ದಾರದ ಡಿಸ್ಕಿನ ಮೇಲೆ ‘ಇವರು ಅತ್ತಿದ್ದು’ ಎಂದಿತ್ತು. ದಾರದೊಳಗೆ ಉದ್ದನೆಯ ಒಂದು ಕೂದಲೂ ಹೊಸೆದುಕೊಂಡಿತ್ತು. ಕತ್ತರಿಸಿ ಎಸೆದ.

ಮಟಮಟ ಮಧ್ಯಾಹ್ನ. ಡ್ರೈವ್ ಡಿಸ್ಕನ್ನು ಒಳಗೆಳೆದುಕೊಂಡು ಗರ್ರನೆ ತಿರುಗಿತು. ಕಾದ ಪ್ಲಾಸ್ಟಿಕ್ಕಿನ ವಾಸನೆ ಬಂತು, ಅದರ ಬೆನ್ನಿಗೇ ಅವಳ ತಲೆಯೆಣ್ಣೆಯ ವಾಸನೆ. ಕಿಟಕಿಯ ಬಿಸಿಲು ಮಂಕಾಗತೊಡಗಿತು.

ಮೂವತ್ತು ಪರ್ಸೆಂಟ್. ಸ್ಪೀಕರಿನಲ್ಲಿ ನಗು. ಸಿನಿಮಾದ್ದಲ್ಲ, ಪಕ್ಕದಲ್ಲಿ ಕೂತು ನಗುತ್ತಿದ್ದ ಅವಳದೇ. ಅವನ ಜೀವ ಹಿಗ್ಗಿತು. ಕರೆಯಲು ಬಾಯಿ ತೆರೆದ. ಹೆಸರು ಬರಲಿಲ್ಲ.

ಗೋಡೆಯ ಫೋಟೊ ಕಡೆ ತಿರುಗಿದ. ಮುಖದ ಗುರುತು ಹತ್ತಲಿಲ್ಲ. ಅರವತ್ತು. ಡ್ರೈವಿನ ಗುಂಡಿ ಒತ್ತಿದ. ತೆರೆಯಲಿಲ್ಲ. ಎಂಬತ್ತು. ಅದರ ವೈರು ಕಿತ್ತ. ಡಿಸ್ಕ್ ತಿರುಗುತ್ತಲೇ ಇತ್ತು. ಕತ್ತಲೆ. ನಗು. ತೊಂಬತ್ತೊಂಬತ್ತು.

“ಹೋಗ್ಬೇಡ,” ಅಂದ. ಯಾರಿಗೆ ಅಂದದ್ದೋ ತಿಳಿಯಲಿಲ್ಲ.

ಎಲ್ಲ ನಿಂತಿತು. ಕಿಟಕಿಯಲ್ಲಿ ಮತ್ತೆ ಬಿಸಿಲಿತ್ತು. ಡ್ರೈವ್ ತಾನಾಗಿ ಬಾಯಿ ತೆರೆದಿತ್ತು. ಫೋನ್ ಬಡಿದುಕೊಂಡಿತು.

“ಭಾವ, ಅಕ್ಕನ ಡಿಸ್ಕ್ ಮುಟ್ಟಿಲ್ಲ ತಾನೆ?”

“ಯಾವ ಅಕ್ಕ? ನೀವು ಯಾರಮ್ಮ? ರಾಂಗ್ ನಂಬರ್ ಇರ್ಬೇಕು.”

ಕಂಪ್ಯೂಟರ್ ಫೈಲಿಗೆ ಹೆಸರು ಕೇಳುತ್ತಿತ್ತು. ಡಿಸ್ಕನ್ನು ಕೈಗೆತ್ತಿಕೊಂಡು ಓದಿದ: ‘ಇವರು ಅತ್ತಿದ್ದು’. ದುಂಡಗಿನ ಅಕ್ಷರ. ಯಾರೋ ಹೆಂಗಸು ಗಂಡನ ಬಗ್ಗೆ ಬರೆದದ್ದಿರಬೇಕು. ಅತ್ತದ್ದನ್ನೂ ನೋಡಿ ಬರೆದಿಡುವವಳು ಸಿಕ್ಕಿದ್ದಾಳಲ್ಲ, ಪುಣ್ಯವಂತ ಎಂದುಕೊಂಡ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ತನಗೆ ಅಂಥವರು ಯಾರೂ ಇರಲಿಲ್ಲ.