ಹುಳಿನೀರಿನ ಗಡಿಗೆ ಚೆಲ್ಲಿದವನು

"ಯಾರು ಚೆಲ್ಲಿದ್ದು? ಯಾರು ಅಂತ ಕೇಳ್ತಿದೀನಿ!"

ಮೈಸುಯಿಯ ಕೂಗಿಗೆ ಅಡುಗೆಮನೆಯಲ್ಲಿದ್ದ ಹದಿನಾರು ಮಂದಿಯ ಕೈಯೂ ಇದ್ದಲ್ಲೇ ನಿಂತಿತು. ಚರಂಡಿಯ ಬಾಯಲ್ಲಿ ಅವಳ ಗಡಿಗೆ ಬೋರಲು ಬಿದ್ದಿತ್ತು. ಒಳಗಿದ್ದ ಹುಳಿನೀರು ಒಂದು ಹನಿಯೂ ಉಳಿಯದೆ ಹರಿದು ಹೋಗಿತ್ತು.

ಗಡಿಗೆಯ ಪಕ್ಕದಲ್ಲಿ ಒಬ್ಬ ಹೊಸಬ ನಿಂತಿದ್ದ. ತೆಳ್ಳಗೆ, ಎಣ್ಣೆಗಪ್ಪು ಮೈಬಣ್ಣ. ತೋಳು ಮಡಚಿ, ಕೈಯಲ್ಲಿ ಬಿದಿರಿನ ಬ್ರಷ್ಷು ಬೇರೆ! ಗಡಿಗೆ ತಿಕ್ಕಲು ತಯಾರಾಗಿದ್ದ ಮಹಾನುಭಾವ!

"ನಾನೇ," ಅಂದ ಅವನು, ಒಡಕು ಉತ್ತರದ ಭಾಷೆಯಲ್ಲಿ. "ಕೆಟ್ಟು ಹೋಗಿತ್ತು. ವಾಸನೆ ಬರ್ತಿತ್ತು. ಯಾರಾದ್ರೂ ಕುಡಿದ್ರೆ ಹೊಟ್ಟೆ ಕೆಡುತ್ತೆ ಅಂತ..."

"ಕೆಟ್ಟಿರೋದು ನಿನ್ನ ಮೂಗು!"

ಸೌಟು ಎತ್ತಿಕೊಂಡು ಮುನ್ನುಗ್ಗಿದವಳನ್ನು ಗೆಂಗ್ ಅತ್ತಿಗೆ ಸೊಂಟ ಹಿಡಿದು ಎಳೆಯದಿದ್ದರೆ ಅವತ್ತು ಒಂದು ತಲೆ ಒಡೆಯುತ್ತಿತ್ತು.

"ಬಿಡೇ ತಾಯಿ, ಪಾಪ, ದಕ್ಷಿಣದೋನು. ಹೆಸರು ಮೋಕ್ ಅಂತೆ. ಗ್ವಾಂಗ್ಝೌನಿಂದ ಒಂದು ಹೋಟೆಲಿಗೆ ಹೋಟೆಲೇ ಎದ್ದು ಬಂದಿದೆಯಲ್ಲ, ಅದರ ಅಡುಗೆಯೋನು, ನಿನ್ನೆ ಬಂದಿಳಿದಿದ್ದಾನೆ. ಹೋಟೆಲ್ ತೆರೆಯೋವರೆಗೆ ಇಲ್ಲೇ ಕೆಲಸ. ಅವನಿಗೇನು ಗೊತ್ತು?"

ಹೌದು, ಅವನಿಗೇನು ಗೊತ್ತು? ಸಾವಿರದ ಒಂಬೈನೂರ ಐವತ್ತಾರರ ವಸಂತ ಅದು. ಲುವೊಯಾಂಗ್‌ನ ಪಶ್ಚಿಮದ ಹೊಲಗಳ ಮೇಲೆ ದೊಡ್ಡ ಕಾರ್ಖಾನೆ ಏಳುತ್ತಿತ್ತು. ದೇಶದ ನಾಲ್ಕೂ ಮೂಲೆಯಿಂದ ಬಂದ ಕೂಲಿಗಳಿಗೆ, ಮೇಸ್ತ್ರಿಗಳಿಗೆ, ಎಂಜಿನಿಯರುಗಳಿಗೆ ಈ ಊಟದ ಮನೆಯಲ್ಲಿ ಬೇಯಿಸಿ ಹಾಕುತ್ತಿದ್ದರು. ಒಬ್ಬನಿಗೆ ಅನ್ನ ಬೇಕು, ಇನ್ನೊಬ್ಬನಿಗೆ ರೊಟ್ಟಿ ಬೇಕು. ನಮ್ಮ ಮೈಸುಯಿ ಒಬ್ಬಳೇ ಹಳ್ಳಿಯ ಹುಳಿ ನೂಡಲ್ಸ್ ಮಾಡುತ್ತಿದ್ದಳು. ಹೆಸರುಕಾಳು ಬೀಸಿ, ಬಟ್ಟೆಯಲ್ಲಿ ಸೋಸಿ, ಆ ನೀರು ಹುಳಿ ಬಂದ ಮೇಲೆ ಅದರಲ್ಲೇ ನೂಡಲ್ಸ್ ಬೇಯಿಸಬೇಕು. ಹಿಂದೆ ಯಾರೋ ಬಡವರು ಹುಳಿ ಬಂದ ಬೇಳೆನೀರನ್ನು ಚೆಲ್ಲಲು ಮನಸ್ಸಾಗದೆ ಒಲೆಗೆ ಇಟ್ಟರಂತೆ, ಅಲ್ಲಿಂದ ಶುರುವಾಯಿತಂತೆ ಈ ಅಡುಗೆ. ಪ್ರತಿ ಸಲ ಹಳೇ ನೀರು ಒಂದು ಬೋಗುಣಿ ಉಳಿಸಿ ಹೊಸದಕ್ಕೆ ಬೆರೆಸಬೇಕು, ಥೇಟ್ ನಾವು ಹೆಪ್ಪು ಹಾಕಿದ ಹಾಗೆ.

ಮೈಸುಯಿಯ ಆ ಹೆಪ್ಪು ಬರಗಾಲದ್ದು.

ನಲವತ್ತೆರಡರ ಬರದಲ್ಲಿ ಅವಳಿಗೆ ಏಳು ವರ್ಷ. ಮರದ ತೊಗಟೆ ತಿಂದು ಮುಗಿದ ಮೇಲೆ ಊರಿಗೆ ಊರೇ ಪಶ್ಚಿಮಕ್ಕೆ ಗುಳೆ ಹೊರಟಿತು. ದಾರಿಯಲ್ಲಿ ಅಪ್ಪ, "ಇಲ್ಲೇ ಕೂತಿರು, ತಿನ್ನೋಕೆ ಏನಾದ್ರೂ ತರ್ತೀನಿ," ಅಂತ ಹೋದವನು ಬರಲೇ ಇಲ್ಲ. ಎರಡು ವರ್ಷ ಕಳೆದು ಅಮ್ಮ ಮಗಳು ವಾಪಸ್ ಬಂದಾಗ ಮನೆಯಲ್ಲಿ ಬಾಗಿಲೂ ಇರಲಿಲ್ಲ. ಅಮ್ಮ ಮೊದಲು ಮಾಡಿದ ಕೆಲಸ, ನೆರೆಮನೆಯಿಂದ ಒಂದು ಬೋಗುಣಿ ಹುಳಿನೀರು ಬೇಡಿ ತಂದು ಈ ಗಡಿಗೆಯಲ್ಲಿ ಇಟ್ಟಿದ್ದು. ಹೋದ ಚಳಿಗಾಲದಲ್ಲಿ ಅಮ್ಮನೂ ಹೋದಳು. ಉಳಿದಿದ್ದು ಗಡಿಗೆ.

ಈಗ ಅದೂ ಖಾಲಿ!

'ಅಮ್ಮಾ... ಒಂದು ಗಡಿಗೆ ಕಾಯೋಕೂ ಆಗ್ಲಿಲ್ಲ ನನ್ನ ಕೈಲಿ...' ಆದರೆ ಆ ದಕ್ಷಿಣದವನ ಮುಂದೆ ಅಳುವುದೇ? ಸಾಧ್ಯವೇ ಇಲ್ಲ!

ಗಲಾಟೆ ಕೇಳಿ ಊಟದ ಮನೆಯ ಯಜಮಾನ ಪಾಂಗ್ ಹೊಟ್ಟೆ ಕುಣಿಸುತ್ತಾ ಬಂದರು.

"ಹೋಗಿದ್ದು ಒಳ್ಳೇದೇ ಆಯ್ತು! ಆ ನಾತಕ್ಕೆ ಶಾಂಘೈಯೋರು ಮೂಗು ಮುಚ್ಕೊಂಡು ಊಟ ಮಾಡ್ತಾರೆ. ಮೈಸುಯಿ, ನಿನ್ನ ಒಲೆ ಮೋಕ್‌ಗೆ ಬಿಟ್ಟು ಕೊಡು. ಹಳ್ಳಿಗೆ ಹೋಗಿ ಹೊಲ ನೋಡ್ಕೋ."

"ಬಿಡಲ್ಲ," ಅಂದಳು.

"ಏನಂದೆ?"

"ಬಿಡಲ್ಲ ಅಂದೆ, ಪಾಂಗ್ ಯಜಮಾನ್ರೇ. ಒಂದು ಮಧ್ಯಾಹ್ನದ ಊಟ ಕೊಡಿ ನನಗೆ. ಮುನ್ನೂರು ಜನಕ್ಕೂ ನನ್ನ ನೂಡಲ್ಸೇ. ಬಟ್ಟಲಲ್ಲಿ ಮಿಕ್ಕಿದ್ರೆ ನಾನೇ ಗಂಟು ಕಟ್ಕೊಂಡು ಹೋಗ್ತೀನಿ."

ಪಾಂಗ್ ನಕ್ಕರು. "ಆಗ್ಲಮ್ಮ. ತಿಂಗಳ ಕೊನೇ ದಿನ. ಆಮೇಲೆ ಕಣ್ಣೀರು ಹಾಕ್ಬೇಡ."

ಹೆಪ್ಪಿಲ್ಲದೆ ಹುಳಿ ಬರುವುದು ಅಂದರೆ ತಮಾಷೆಯೇ? ಮೈಸುಯಿ ಒಬ್ಬಳೇ ಬೀಸಿದಳು, ಸೋಸಿದಳು, ಕಾದಳು. ಮೊದಲ ಸಲ ನೀರು ಲೋಳೆಲೋಳೆಯಾಯಿತು. ಎರಡನೇ ಸಲ ನಿಜವಾಗಿಯೂ ನಾರಿತು. ಮೂರನೇ ಸಲ ಬೀಸುಕಲ್ಲಿನ ಹತ್ತಿರ ಹೋದರೆ ಅಲ್ಲಿ ಮೋಕ್ ಕೂತು ಬೀಸುತ್ತಿದ್ದ! ಅಂಗೈಯಲ್ಲಿ ಬೊಬ್ಬೆ ಬೇರೆ.

"ನಿನ್ನನ್ನ ಯಾರು ಕರೆದ್ರು?"

"ಯಾರೂ ಕರೀಲಿಲ್ಲ. ಚೆಲ್ಲಿದ್ದು ನಾನು. ತುಂಬಿಸೋದೂ ನಾನೇ."

"ಕಾಳು ಬೀಸಿದ್ರೆ ತುಂಬುತ್ತಾ ಅದು?"

ಅವನು ಕೈ ನಿಲ್ಲಿಸಿ ನೇರವಾಗಿ ಅವಳ ಮುಖ ನೋಡಿದ. "ಹಾಗಾದ್ರೆ ಏನು ಮಾಡ್ಬೇಕು, ಹೇಳಿ. ಅದನ್ನ ಮಾಡ್ತೀನಿ."

ಆ ಕಣ್ಣಲ್ಲಿ ನೆವ ಇರಲಿಲ್ಲ. ಅದೇ ಅವಳಿಗೆ ಇನ್ನೂ ಸಿಟ್ಟು ತರಿಸಿತು!

ರಜೆಯ ದಿನ ಹೆಪ್ಪು ಹುಡುಕಿಕೊಂಡು ಇಬ್ಬರೂ ಅವಳ ಹಳ್ಳಿಗೆ ನಡೆದರು. ಮೂರು ಗಂಟೆಯ ದಾರಿ. ಅವಳು ಹತ್ತು ಹೆಜ್ಜೆ ಮುಂದೆಯೇ ನಡೆದಳು. ಹೊಲದ ಬದುವಿನಲ್ಲಿ ಮೋಕ್ ಒಂದು ಸೊಪ್ಪು ಕಿತ್ತು ಮೂಸಿದ.

"ಇದು ತಿನ್ನೋದಾ?"

"ಬರದಲ್ಲಿ ಅದೇ ಊಟ. ಈಗ ಹಂದಿಗೆ ಹಾಕ್ತಾರೆ."

"ನನ್ನ ಅಮ್ಮ ಬಾಳೆಗೆಡ್ಡೆ ಬೇಯಿಸಿ ಹಾಕ್ತಿದ್ಲು, ಜಪಾನಿನೋರು ಊರಿಗೆ ನುಗ್ಗಿದ ವರ್ಷ. ಅದಕ್ಕೂ ಶುಂಠಿ ಹಾಕ್ತಿದ್ಲು. ರುಚಿಯಾಗಿ ತಿನ್ನು ಮಗನೇ, ಯಾರೂ ನೋಡದಿದ್ರೂ ರುಚಿಯಾಗಿ ತಿನ್ನು, ಅಂತ."

ಮೈಸುಯಿ ಮೊದಲ ಸಲ ಅವನ ಕಡೆ ತಿರುಗಿ ನೋಡಿದಳು. 'ಇವನೂ ಹಸಿದವನೇ...' ಅನ್ನಿಸಿತು. ಎದೆಯಲ್ಲಿ ಏನೋ ಮೆತ್ತಗಾಯಿತು.

ನೆರೆಮನೆಯ ಷೀ ಅಜ್ಜಿ ಕಥೆಯೆಲ್ಲ ಕೇಳಿ ಬೊಚ್ಚುಬಾಯಲ್ಲಿ ನಕ್ಕುಬಿಟ್ಟಳು.

"ಹುಚ್ಚು ಹುಡುಗಿ! ನಿಮ್ಮಮ್ಮ ಬೇಡಿ ತಂದಿದ್ದು ನನ್ನ ಗಡಿಗೆಯಿಂದ. ಆಮೇಲೆ ನನ್ನ ಗಡಿಗೆ ಒಡೆದಾಗ ನಾನು ಬೇಡಿದ್ದು ನಿಮ್ಮಮ್ಮನ ಹತ್ರ. ಈ ಬೀದೀಲಿ ಯಾವ ಮನೇಲಿ ಮುಚ್ಚಳ ತೆಗೆದ್ರೂ ಅದೇ ನೀರು. ಅಷ್ಟಕ್ಕೆ ಈ ಹುಡುಗನ್ನ ಗೋಳು ಹುಯ್ಕೊಂಡ್ಯಾ?"

ಅಜ್ಜಿ ತುಂಬಿಸಿ ಕೊಟ್ಟ ಬೋಗುಣಿಯನ್ನು ಮೂಸಿದ್ದೇ ತಡ, ಮೈಸುಯಿಗೆ ಅಳು ತಡೆಯಲಾಗಲಿಲ್ಲ. ಅಮ್ಮನ ಅಂಗಿಯ ವಾಸನೆ ಅದು! ಮೋಕ್ ಬಿಸಿಲಿಗೆ ಅಡ್ಡ ನಿಂತು ಅವಳಿಗೆ ನೆರಳು ಮಾಡಿದ.

ಆಮೇಲಿನ ದಿನಗಳನ್ನು ಏನು ಹೇಳಲಿ! ಅವಳು ನೂಡಲ್ಸ್ ಲಟ್ಟಿಸಿದರೆ ಅವನು ಕತ್ತರಿಸುವುದು, ಅವನು ಮೀನು ಹಬೆಯಲ್ಲಿ ಬೇಯಿಸಿದರೆ ಅವಳು, "ಉಪ್ಪೇ ಇಲ್ಲ, ಆಸ್ಪತ್ರೆ ಊಟ," ಅನ್ನುವುದು. "ನಿಮ್ಮದು ಉಪ್ಪಿನ ಗಣಿ," ಅಂತ ಅವನು. ಗೆಂಗ್ ಅತ್ತಿಗೆ ಇಬ್ಬರನ್ನೂ ನೋಡಿ ಸೊಪ್ಪು ಬಿಡಿಸುತ್ತಾ ಮುಸಿಮುಸಿ ನಗುತ್ತಿದ್ದಳು.

ಪರೀಕ್ಷೆಗೆ ಇನ್ನೊಂದೇ ದಿನ ಇತ್ತು. ಸಂಜೆ ಮೋಕ್ ಹೊಸ ಅಂಗಿ ತೊಟ್ಟು ಬಂದ. ಕಿವಿ ಕೆಂಪಗಾಗಿತ್ತು.

"ನಿಮಗೋಸ್ಕರ ಅಡುಗೆ ಮಾಡಿದೀನಿ. ಬಂದು ಕೂತ್ಕೊಳ್ಳಿ. ಊಟ ಆದ್ಮೇಲೆ... ಒಂದು ಮಾತು ಹೇಳ್ಬೇಕು."

ಕೂದಲು ಸರಿಮಾಡಿಕೊಂಡು ಕೂತಳು. ಅವನು ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮುಂದೆ ಇಟ್ಟ ಮೊದಲ ಬಟ್ಟಲು ಯಾವುದು ಗೊತ್ತೇ?

ಮೊಟ್ಟೆ ಸಾರು!

ಲುವೊಯಾಂಗ್ ಸೀಮೆಯಲ್ಲಿ ಔತಣ ಎಷ್ಟೇ ದೊಡ್ಡದಿರಲಿ, ಮೊಟ್ಟೆ ಸಾರು ಬರುವುದು ಕಟ್ಟಕಡೆಗೆ. ಅದು ಬಂತು ಅಂದರೆ ಊಟ ಮುಗಿಯಿತು, ಇನ್ನು ಎದ್ದು ಹೊರಡಿ ಅಂತ ಅರ್ಥ. ಬಾಯಿಬಿಟ್ಟು ಹೇಳಲಾಗದ್ದನ್ನು ಆ ಬಟ್ಟಲು ಹೇಳುತ್ತದೆ. ಊಟಕ್ಕೆ ಮೊದಲೇ ಅದನ್ನು ತಂದಿಟ್ಟರೆ? ಅದಕ್ಕಿಂತ ಅವಮಾನ ಇನ್ನೊಂದಿಲ್ಲ.

'ಹೊರಡು ಅಂತಿದಾನೆ... ನನ್ನ ಒಲೆ ಬೇಕು ಇವನಿಗೆ. ಪಾಂಗ್ ಹೇಳಿಕೊಟ್ಟಿರ್ಬೇಕು. ಬೀಸಿದ್ದು, ಮೂರು ಗಂಟೆ ನಡೆದದ್ದು, ಎಲ್ಲಾ ಇದಕ್ಕಾ?'

"ಬಿಸಿ ಇರುವಾಗ್ಲೇ ಕುಡೀರಿ," ಅಂದ ಅವನು. ನಗು ಬೇರೆ!

ಮೈಸುಯಿ ಬಟ್ಟಲೆತ್ತಿ ಗಟಗಟನೆ ತಳ ಕಾಣುವವರೆಗೆ ಕುಡಿದಳು. ನಾಲಿಗೆ ಸುಟ್ಟಿತು. ಸುಡಲಿ! ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು.

"ಕುಡಿದಾಯ್ತು. ಅರ್ಥವೂ ಆಯ್ತು. ಆದ್ರೆ ಕೇಳಿಸ್ಕೋ ಮೋಕ್, ನಾನು ಎಲ್ಲಿಗೂ ಹೋಗಲ್ಲ."

"ಹೋಗೋದಾ? ಎಲ್ಲಿಗೆ? ಮೈಸುಯಿ..."

ಅವಳು ಆಗಲೇ ಬಾಗಿಲು ದಾಟಿದ್ದಳು.

ಮಾರನೇ ದಿನ ಮುನ್ನೂರು ಜನರ ಬಾಣಲೆ ಒಲೆ ಏರಿತು. ಹುಳಿನೀರು ಕಾಯುತ್ತಿದ್ದಂತೆ ನೊರೆ ಎದ್ದಿತು. ಮನೆಯ ಗಡಿಗೆಯಲ್ಲಾದರೆ ಒಂದು ಸೌಟಿನಲ್ಲಿ ತಣಿಯುವ ನೊರೆ, ಇಲ್ಲಿ ಅಂಚು ಮುಟ್ಟಿ ಉಕ್ಕಲು ಬಂತು! ಮೈಸುಯಿ ಎರಡೂ ಕೈಯಲ್ಲಿ ಸೌಟು ಹಿಡಿದು ತಿರುವಿದಳು. ತೋಳು ಸೋತಿತು. ನಿಲ್ಲಿಸಲಿಲ್ಲ. ಹಬೆಯ ಆ ಕಡೆಯಿಂದ ಒಂದು ಕೈ ಬಂದು ಎಳ್ಳೆಣ್ಣೆಯನ್ನು ತೆಳ್ಳಗೆ ಸುತ್ತ ಬಿಟ್ಟಿತು. ನೊರೆ ಕುಸಿಯಿತು. ಅಂಗೈಯ ಬೊಬ್ಬೆ ನೋಡಿಯೇ ಅದು ಯಾರ ಕೈ ಅಂತ ಅವಳಿಗೆ ಗೊತ್ತಾಯಿತು. ತಲೆ ಎತ್ತಲಿಲ್ಲ.

ನೂಡಲ್ಸ್, ಸೋಯಾ ಕಾಳು, ಬೇಯಿಸಿದ ಕಡಲೆಕಾಯಿ ಬೀಜ, ಸೆಲರಿ ಸೊಪ್ಪು, ಮೇಲೆ ಮೆಣಸಿನಕಾಯಿ ಎಣ್ಣೆ. ಇದೇ ಸೀಮೆಯ ಹೆನಾನಿನವರು ಮೊದಲ ತುತ್ತಿಗೇ ಬಟ್ಟಲಿನ ಮೇಲೆ ಬಗ್ಗಿದರು. ಒಬ್ಬ ಗಾರೆ ಕೆಲಸದ ಮುದುಕ ಬಟ್ಟಲಿನೊಳಗೆ ಮುಖ ಹುದುಗಿಸಿ, "ನಮ್ಮವ್ವ... ನಮ್ಮವ್ವ ಮಾಡ್ತಿದ್ದದ್ದು," ಅಂತ ಬಿಕ್ಕಿದ. ಶಾಂಘೈನ ಎಂಜಿನಿಯರ್ ಒಬ್ಬ ಮೂಗು ಸುಕ್ಕಿಸಿ ಒಂದು ಚಮಚ ಕುಡಿದ. ಮುಖ ಹುಳ್ಳಗೆ ಮಾಡಿದ. ಇನ್ನೊಂದು ಚಮಚ ಕುಡಿದ. ಆಮೇಲೆ ಎದ್ದು ಎರಡನೇ ಸಲ ಸಾಲಿನಲ್ಲಿ ನಿಂತ!

ಪಾಂಗ್ ಒಂದೊಂದೇ ಬಟ್ಟಲು ಬಗ್ಗಿಸಿ ನೋಡಿದರು. ಏನೂ ಸಿಗಲಿಲ್ಲ.

"ಗೆದ್ದೆ ಕಣಮ್ಮ. ಒಲೆ ನಿನ್ನದೇ. ಮೋಕ್ ಹೇಗೂ ಹೊರಟಿದ್ದಾನಲ್ಲ."

"ಹೊರಟಿದ್ದಾನಾ?"

"ಹತ್ತು ದಿನದ ಹಿಂದೇನೇ ಬಂದು ಹೇಳಿದ, ಒಲೆ ಅವಳಿಗೇ ಇರ್ಲಿ, ನನ್ನನ್ನ ಹೋಟೆಲಿನೋರ ಜೊತೆಗೇ ಕಳಿಸಿಬಿಡಿ ಅಂತ. ಇವತ್ತು ಲಾರಿ ಬಂದಿದೆ."

ಹತ್ತು ದಿನದ ಹಿಂದೆ! ಅಂದರೆ ಆ ಮೊಟ್ಟೆ ಸಾರಿಗೂ ಮುಂಚೆ! ಒಲೆ ಬೇಡವಾಗಿದ್ದವನು ಅವಳನ್ನು ಯಾಕೆ ಓಡಿಸುತ್ತಾನೆ? ಮೈಸುಯಿ ಸಾರಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿದಳು. ಗೆಂಗ್ ಅತ್ತಿಗೆ ಹಣೆ ಚಚ್ಚಿಕೊಂಡಳು.

"ಅಯ್ಯೋ ನಿನ್ನ! ಕೇಳೋಕೆ ನಿನಗೆ ಬಾಯಿರಲಿಲ್ಲವೇನೇ?"

ಅವಳು ಓಡಿದಳು. ಏಪ್ರನ್ನೂ ಬಿಚ್ಚಲಿಲ್ಲ. ಗೇಟಿನ ಹತ್ತಿರ ಲಾರಿ ಗುರುಗುಟ್ಟುತ್ತಿತ್ತು. ಹಿಂದೆ ಪಾತ್ರೆಗಳ ನಡುವೆ ಮೋಕ್ ಕೂತಿದ್ದ, ಮಡಿಲಲ್ಲಿ ಗಂಟು. ಮೈಸುಯಿ ಲಾರಿಯ ಮುಂದೆ ಹೋಗಿ ಕೈ ಚಾಚಿ ನಿಂತಳು.

"ಇಳಿ!"

"ಏಯ್, ಸಾಯ್ಬೇಕಾ?" ಡ್ರೈವರ್ ಬೈದ.

"ನೀನು ಸುಮ್ನಿರಣ್ಣ! ಮೋಕ್, ಇಳಿ ಅಂದೆ! ಒಂದು ಮಾತು ಕೇಳ್ಬೇಕು. ಮೊದಲು ಯಾಕೆ ಮೊಟ್ಟೆ ಸಾರು ಕೊಟ್ಟೆ?"

ಮೋಕ್ ಗಂಟು ಹಿಡಿದೇ ಇಳಿದು ಬಂದ. ಒಂದೇ ರಾತ್ರಿಯಲ್ಲಿ ಮುಖ ಇಳಿದುಹೋಗಿತ್ತು.

"ಮತ್ತೆ ಯಾವಾಗ ಕೊಡ್ಬೇಕು? ನಮ್ಮ ಕಡೆ ಸಾರೇ ಮೊದಲು. ಹೊರಗಿಂದ ದಣಿದು ಬಂದೋರು ಮೊದಲು ಸಾರು ಕುಡಿದು ಸುಧಾರಿಸ್ಕೊಳ್ಲಿ ಅಂತ. ಅಮ್ಮ ನಾವು ಬಾಗಿಲು ದಾಟಿದ ಕೂಡ್ಲೇ ಕೈಗೆ ಕೊಡ್ತಿದ್ಲು. ನನಗೆ ಇಲ್ಲಿ ಯಾರೂ ಇಲ್ಲ... ನಿಮಗೆ ಕೊಡೋಣ ಅನ್ನಿಸ್ತು. ಏನು ತಪ್ಪಾಯ್ತು?"

ಮೈಸುಯಿಗೆ ಭೂಮಿ ಬಾಯ್ಬಿಟ್ಟರೆ ಸಾಕು ಅನ್ನಿಸಿತು.

"ಇಲ್ಲಿ... ಇಲ್ಲಿ ಅದನ್ನ ಹೊರಡಿ ಅನ್ನೋಕೆ ಕೊಡ್ತಾರೆ ಕಣೋ."

"ಅದಕ್ಕಾ ನಿನ್ನೆ..." ಬಂದಿದ್ದು ನಗುವೋ ಅಳುವೋ ಮೋಕ್‌ಗೇ ಗೊತ್ತಾಗಲಿಲ್ಲ. "ನೀವು ಬಟ್ಟಲು ಕುಕ್ಕಿ ಹೋದ್ರಿ. ನನ್ನ ಮುಖ ನೋಡೋಕೂ ಇಷ್ಟ ಇಲ್ಲ ಅಂದ್ಕೊಂಡೆ."

"ಊಟ ಆದ್ಮೇಲೆ ಒಂದು ಮಾತು ಹೇಳ್ಬೇಕು ಅಂದಿದ್ದೆಯಲ್ಲ. ಹೇಳು."

"ಇಲ್ಲೇನಾ? ಎಲ್ಲರ ಮುಂದೇನಾ?"

ಲಾರಿಯ ಮೇಲಿದ್ದ ಎಂಟು ಜನರೂ ಕತ್ತು ಚಾಚಿದ್ದರು. ಡ್ರೈವರ್ ಎಂಜಿನ್ನೇ ಆಫ್ ಮಾಡಿ ಕೂತ.

"ಇಲ್ಲೇ."

"ನೀವಂದ್ರೆ ನನಗೆ ಇಷ್ಟ. ಸೌಟು ಎತ್ತಿಕೊಂಡು ಹೊಡೆಯೋಕೆ ಬಂದ ದಿನದಿಂದ. ಮದುವೆ ಆಗ್ತೀರಾ ಅಂತ ಕೇಳೋಣ ಅಂತಿದ್ದೆ."

ಕಣ್ಣಲ್ಲಿ ನೀರು ತುಂಬಿಕೊಂಡೇ ಅವಳು ಗಲ್ಲ ಎತ್ತಿದಳು. "ಹಾಗಾದ್ರೆ ಗಂಟು ಇಳಿಸು. ಪಾಂಗ್ ಯಜಮಾನ್ರಿಗೆ ನಾನು ಹೇಳ್ತೀನಿ, ಅಡುಗೆಮನೆ ಗೋಡೆ ಪಕ್ಕ ಇನ್ನೊಂದು ಒಲೆ ಹೂಡಿಸಿ ಅಂತ. ಆಗಲ್ಲ ಅಂದ್ರೆ ಇಟ್ಟಿಗೆ ನಾನೇ ಹೊರ್ತೀನಿ."

"ಹೋಟೆಲ್ ಇಲ್ಲೇ ಪಕ್ಕದ ಬೀದೀಲೇ ತೆರೀತಿದಾರಲ್ಲ, ಮೈಸುಯಿ, ಈ ಲಾರಿ ಪಾತ್ರೆ ಸಾಗಿಸೋಕೆ. ದಿನಾ ಸಂಜೆ ನಡ್ಕೊಂಡು ಬರ್ತಿದ್ದೆ..."

"ಪಕ್ಕದ ಬೀದಿಯೂ ಬೇಡ!" ಅವಳ ದನಿ ಒಡೆಯಿತು. "ಈಗ ಬರ್ತೀನಿ ಅಂತ ಹೇಳಿ ಹೋದೋರನ್ನ ಕಾದು ಕಾದು ಸಾಕಾಗಿದೆ ನನಗೆ."

ಮೋಕ್ ಗಂಟನ್ನು ನೆಲದ ಮೇಲಿಟ್ಟ. ಹಿಟ್ಟು ಮೆತ್ತಿದ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ದಿನಾ ಜಗಳ ಆಗುತ್ತೆ. ಉಪ್ಪಿಗೆ ಒಂದು, ಸಾರಿಗೆ ಒಂದು."

"ಆಗ್ಲಿ. ಕೂಗ್ತೀನಿ, ಬಟ್ಟಲು ಕುಕ್ತೀನಿ. ಆದ್ರೆ ಎದ್ದು ಹೋಗಲ್ಲ. ನೀನು?"

"ಎಲ್ಲಿಗೂ ಹೋಗಲ್ಲ, ಮೈಸುಯಿ. ಇಲ್ಲೇ ಇರ್ತೀನಿ."